ಆಪರೇಟರಿನ ತಪ್ಪು

ಬೆಳಿಗ್ಗೆ ಒಂಬತ್ತೂವರೆಗೆ ಸುಂದರಿ ಕಂಪ್ಯೂಟರಿನ ಗುಂಡಿ ಒತ್ತಿದಳು. ಒಳಗಿನ ಫ್ಯಾನು ಗುಂಯ್ ಎಂದಿತು. ಪರದೆ ಕಪ್ಪಾಗಿ, ಅದರ ಮೇಲೆ ಬಿಳಿ ಅಕ್ಷರದ ಎರಡು ಸಾಲು ಬಂದು ನಿಂತವು. ನಿನ್ನೆಯೂ ಅವೇ ಎರಡು ಸಾಲು, ಮೊನ್ನೆಯೂ ಅವೇ. ಇಟ್ಟ ಸೆಟ್ಟಿಂಗೆಲ್ಲ ಅಳಿಸಿಹೋಗಿದೆ, ಹಾಗೇ ಮುಂದೆ ಹೋಗುವುದಾದರೆ ಎಫ್ ಒಂದು ಒತ್ತಿ, ಸರಿ ಮಾಡುವುದಾದರೆ ಡಿಲೀಟ್ ಒತ್ತಿ ಎಂಬುದು ಆ ಇಂಗ್ಲಿಷಿನ ತಾತ್ಪರ್ಯ.

"ನಿನ್ನ ಮಂಡೆಯಲ್ಲಿ ಎಂತ ಉಂಟು ಮಾರಾಯ, ಮಣ್ಣಾ?" ಎಂದು ಕೇಳಿ ಸುಂದರಿ ಡಿಲೀಟ್ ಒತ್ತಿದಳು.

ನೀಲಿ ಪರದೆ ಬಂತು. ಅದಕ್ಕೆ ಬಯೋಸ್ ಎನ್ನುತ್ತಾರೆ. ವಿಂಡೋಸು ಏಳುವುದಕ್ಕೆ ಮೊದಲು ಮದರ್‌ಬೋರ್ಡು ತನ್ನ ಸಾಮಾನುಗಳೆಲ್ಲ ಇವೆಯೇ, ಇವತ್ತು ಯಾವ ದಿನ, ಯಾವ ಡಿಸ್ಕಿನಿಂದ ಏಳಬೇಕು ಎಂದು ನೋಡಿಕೊಳ್ಳುವ ಜಾಗ. ಅಲ್ಲಿ ಮೌಸು ನಡೆಯುವುದಿಲ್ಲ, ಬಾಣದ ಗುರುತಿನ ಕೀಲಿಗಳೇ ಗತಿ. ತಾರೀಕು ಎರಡು ಸಾವಿರದ ಒಂಬತ್ತು ಜನವರಿ ಒಂದು ಎಂದಿತ್ತು. ಅದನ್ನು ಎರಡು ಸಾವಿರದ ಹದಿಮೂರು ಅಕ್ಟೋಬರಿಗೆ ತಂದಳು. ತಾರೀಕು ತಪ್ಪಿದರೆ ಸರಕಾರದ ವೆಬ್‌ಸೈಟು ಬಾಗಿಲೇ ತೆಗೆಯುವುದಿಲ್ಲ. ಆಮೇಲೆ ಎರಡನೆಯ ಪುಟಕ್ಕೆ ಹೋಗಿ ಹಾರ್ಡ್ ಡಿಸ್ಕಿನ ಮುಂದೆ ಐಡಿಇ ಎಂದಿದ್ದುದನ್ನು ಎಎಚ್‌ಸಿಐ ಮಾಡಿದಳು. ಅದನ್ನು ಬಿಟ್ಟರೆ ವಿಂಡೋಸು ಅರ್ಧ ಎದ್ದು ಮತ್ತೆ ಬೀಳುತ್ತದೆ. ಎಫ್ ಹತ್ತು ಒತ್ತಿ, ಉಳಿಸಬೇಕೇ ಎಂದು ಕೇಳಿದ್ದಕ್ಕೆ ಹೌದು ಎಂದಳು. ನಾಲ್ಕು ನಿಮಿಷದ ಕೆಲಸ. ಇವತ್ತಿಗೆ ಹನ್ನೊಂದನೆಯ ಸಲ.

ಹೊಸ ಕಂಪ್ಯೂಟರು, ಎಲ್ಲ ಭಾಗಗಳನ್ನು ಒಟ್ಟು ಸೇರಿಸಿ ಕಟ್ಟಿಸಿ ತಂದು ಮೂರು ವಾರ ಆಗಿರಲಿಲ್ಲ. ಅಡೂರಿನ ಬಸ್‌ಸ್ಟಾಪಿನ ಹತ್ತಿರದ ಒಂದು ಕೋಣೆಯಲ್ಲಿ ಅದನ್ನು ಇಟ್ಟದ್ದು ಅಯಲ್ಕೂಟದವರು, ಎಂದರೆ ಪ್ರತಿ ಭಾನುವಾರ ಒಂದೆಡೆ ಸೇರುವ ಆ ಭಾಗದ ಹದಿನಾಲ್ಕು ಮನೆಯ ಹೆಂಗಸರು. ಜಾತಿ ಸರ್ಟಿಫಿಕೇಟು, ವರಮಾನದ ಸರ್ಟಿಫಿಕೇಟು ಎಲ್ಲದಕ್ಕೂ ಇನ್ನು ಕಂಪ್ಯೂಟರಿನಲ್ಲೇ ಅರ್ಜಿ ಹಾಕಬೇಕೆಂದಾದ ಮೇಲೆ ಕನ್ನಡ ಮಾತ್ರ ಓದಬಲ್ಲ ಗಡಿನಾಡಿನ ಅಡೂರಿನವರು ದೂರದ ಪೇಟೆಗೆ ಹೋಗಿ, ಯಾರೋ ಮಲಯಾಳದಲ್ಲಿ ತುಂಬಿಸಿದ ಫಾರ್ಮಿಗೆ ಓದಲಾಗದೆ ಸಹಿ ಹಾಕಿ ಬರುತ್ತಿದ್ದರು. ಅಪ್ಪನ ಹೆಸರು ತಪ್ಪಿತು, ಸರ್ವೆ ನಂಬರು ತಪ್ಪಿತು ಎಂದು ಮತ್ತೆ ಓಡಾಟ. ಅದಕ್ಕೆ ಇಲ್ಲೇ, ಕನ್ನಡದಲ್ಲಿ ಓದಿ ಹೇಳಿ ತುಂಬಿಸಿ ಕೊಡುವ ಒಂದು ಜಾಗ ಬೇಕೆಂದು ಮೀಟಿಂಗಿನಲ್ಲಿ ಮೊದಲು ಬಾಯಿ ತೆರೆದವಳು ಸುಂದರಿಯೇ.

ಸುಂದರಿಗೆ ನಲವತ್ತೆರಡು. ಹತ್ತನೆಯ ತರಗತಿಯನ್ನು ಕನ್ನಡ ಮೀಡಿಯಮ್ಮಿನಲ್ಲಿ ಪಾಸು ಮಾಡಿ, ಮರುದಿನದಿಂದ ಬೀಡಿ ಕಟ್ಟಲು ಕೂತವಳು ಇಪ್ಪತ್ತಾರು ವರ್ಷ ಎದ್ದಿರಲಿಲ್ಲ. ಕಂಪ್ಯೂಟರ್ ಬರುವುದಕ್ಕೆ ಮೊದಲು ಮೂರು ತಿಂಗಳು ಮುಳ್ಳೇರಿಯಕ್ಕೆ ಬಸ್ಸಿನಲ್ಲಿ ಹೋಗಿ, ತನ್ನ ಮಗಳಷ್ಟು ಪ್ರಾಯದವರ ನಡುವೆ ಕೂತು ಟೈಪಿಂಗ್ ಕಲಿತಳು. ಬೀಡಿಯ ಗೆರಸೆಯ ಮೇಲೆ ಓಡಿದ ಬೆರಳು ಕೀಲಿಮಣೆಯ ಮೇಲೆ ಓಡದೇ ಇರುತ್ತದೆಯೇ? ಎಲ್ಲರಿಗಿಂತ ಮೊದಲು ಇವಳೇ ನೋಡದೆ ಟೈಪ್ ಮಾಡಿದ್ದು.

ಆದರೆ ಬಂದ ಮರುದಿನವೇ ಯಂತ್ರ ಹಟಕ್ಕೆ ಬಿತ್ತು. ಅಂಗಡಿಯವನು ಬಂದು ಜೋಡಿಸಿ ಕೊಟ್ಟ ದಿನ ಅವನು ನೀಲಿ ಪರದೆಯಲ್ಲಿ ಏನೇನು ಒತ್ತಿದ ಎಂದು ಸುಂದರಿ ಪಕ್ಕದಲ್ಲೇ ನಿಂತು ನೋಡಿದ್ದಳು. ಮದರ್‌ಬೋರ್ಡಿನ ಪೆಟ್ಟಿಗೆಯಲ್ಲಿ ಬಂದ ಪುಸ್ತಕವನ್ನು ಎಲ್ಲರೂ ಕಸವೆಂದು ಬಿಸಾಡಲು ಹೊರಟಾಗ ತಾನು ಇಟ್ಟುಕೊಂಡಿದ್ದಳು. ಅದನ್ನು ಡಿಕ್ಷನರಿ ಹಿಡಿದು ಓದಿ, ಯಾವ ಪುಟದಲ್ಲಿ ಏನು ಎಂದು ಕನ್ನಡದಲ್ಲಿ ಬರೆದುಕೊಂಡು, ದಿನಾ ಬೆಳಿಗ್ಗೆ ಅದರ ಮಂಡೆ ಸರಿ ಮಾಡಿಯೇ ಕೆಲಸ ಶುರು ಮಾಡುತ್ತಿದ್ದಳು.

ಇದು ಈಶ್ವರಪ್ರಸಾದನ ಕಿವಿಗೆ ಬಿತ್ತು. ಅವನು ಅಯಲ್ಕೂಟದ ಪ್ರೆಸಿಡೆಂಟ್ ಸೌದಾಮಿನಿಯ ಗಂಡ, ಬ್ಯಾಂಕಿನಿಂದ ರಿಟೈರ್ ಆದವನು. ಹೆಂಗಸರ ಮೀಟಿಂಗು ತನ್ನ ಮನೆಯ ಜಗಲಿಯಲ್ಲೇ ಆಗುವುದರಿಂದ ಕುರ್ಚಿ ಹಾಕಿ ಕೂರುವ ಹಕ್ಕು ತನಗುಂಟೆಂದು ತಿಳಿದಿದ್ದ. ಕಂಪ್ಯೂಟರ್ ಕಟ್ಟಿಸಲು ನಾಯ್ಮಾರ್ಮೂಲೆಯ ಪ್ರೇಮನಾಥನ ಅಂಗಡಿಯನ್ನು ಆರಿಸಿದವನೂ ಅವನೇ. ಸುಂದರಿ ಏನೋ ನೀಲಿ ಪರದೆಗೆ ಕೈ ಹಾಕುತ್ತಾಳಂತೆ ಎಂದು ಕೇಳಿದ್ದೇ ತಡ, ಕಂಪ್ಯೂಟರಿನ ಕ್ಯಾಬಿನೆಟನ್ನು ಕಾರಿನಲ್ಲಿ ಆ ಅಂಗಡಿಗೆ ಹೇರಿಕೊಂಡು ಹೋದ. ಎರಡು ದಿನ ಅಲ್ಲಿಟ್ಟು ತಂದ. ಜತೆಗೆ ಒಂದು ಚೀಟಿ ತಂದು ಭಾನುವಾರದ ಮೀಟಿಂಗಿನಲ್ಲಿ ಎಲ್ಲರೆದುರು ಓದಿದ. ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಅವನೇ ಹೇಳಿದ: ಯಂತ್ರ ಸರಿ ಉಂಟು, ಆಪರೇಟರಿನ ತಪ್ಪು.

"ಎರಡು ದಿನ ಅಲ್ಲಿ ಓಡಿಸಿ ನೋಡಿದ್ದಾರೆ. ಒಂದು ಸಲ ಸರಿ ಮಾಡಿದ ಮೇಲೆ ಕಿರಿಕಿರಿಯೇ ಇಲ್ಲ. ಇಲ್ಲಿ ಬಂದ ಕೂಡಲೆ ಶುರು," ಎಂದ. "ಬೀಡಿ ಕಟ್ಟುವ ಕೈಗೆ ಕಂಪ್ಯೂಟರ್ ಕೊಟ್ರೆ ಹೀಗೇ ಆಗುದು. ನಾನು ಪ್ರೇಮನಾಥನ ಹತ್ರ ಮಾತಾಡಿದ್ದೇನೆ. ಅವನ ಅಂಗಡಿಯ ಶ್ಯಾಮ ಬಂದು ಕೂರ್ತಾನೆ. ಸುಂದರಿ, ನೀನು ಬೀಗ ತೆಗಿ, ಗುಡಿಸು, ಜನರಿಗೆ ಟೋಕನ್ ಕೊಡು. ಮುಂದಿನ ಭಾನುವಾರ ತೀರ್ಮಾನ ಬರೀವ."

ಸೌದಾಮಿನಿ ಚಾಪೆಯ ಅಂಚು ನೋಡುತ್ತಿದ್ದಳು. ಸುಂದರಿಗೆ ಮೈಯೆಲ್ಲ ಉರಿದುಹೋಯಿತು.

ಅವಳ ಉರಿಗೆ ಕಾರಣ ಹಳೆಯದು. ಎಲೆ ಕೊಟ್ಟು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಇಪ್ಪತ್ತಾರು ವರ್ಷ ಇದೇ ಆಟ ನೋಡಿದ್ದಳು. ಅಲ್ಲಿಯವನು ಕಟ್ಟು ಬಿಚ್ಚಿ, ನಾಲ್ಕು ಬೀಡಿ ಹಿಚುಕಿ, "ಹಾಳು" ಎಂದು ಬುಟ್ಟಿಗೆ ಎಸೆಯುತ್ತಿದ್ದ. ಯಾಕೆ ಹಾಳು ಎಂದು ಕೇಳಿದರೆ ಮಾರನೆಯ ದಿನ ಎಲೆಯೇ ಕಡಿಮೆ ಸಿಗುತ್ತಿತ್ತು. ಎಲೆಯೇ ಕೊಳೆತದ್ದು ಕೊಟ್ಟಿದ್ದೀರಲ್ಲ ಎಂದು ಒಂದು ದಿನವೂ ಹೇಳಲಾಗಲಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ಬಂದು ಮತ್ತೆ ಕಟ್ಟಿದ್ದು. ಇನ್ನು ಅದಾಗುವುದಿಲ್ಲ ಎಂದು ಸುಂದರಿ ಆ ಭಾನುವಾರ ಮನಸ್ಸಿನಲ್ಲೇ ಹೇಳಿಕೊಂಡಳು. ಕೂತರೆ ಕಂಪ್ಯೂಟರಿನ ಮುಂದೆಯೇ ಕೂರುವುದು. ಕಸಬರಿಕೆ ಹಿಡಿದು ಆ ಕೋಣೆಯ ಮೆಟ್ಟಿಲು ಹತ್ತುವುದಿಲ್ಲ.

ಆದರೆ ಹಟ ಇದ್ದರೆ ಸಾಕೇ? ಯಂತ್ರ ಅಂಗಡಿಯಲ್ಲಿ ಸರಿ ಇರುತ್ತದೆ, ಇವಳ ಹತ್ತಿರ ಬಂದರೆ ಮರೆಯುತ್ತದೆ. ಅದು ಸುಳ್ಳಲ್ಲ. ಸೋಮವಾರವೂ ಎರಡು ಸಾಲು, ಮಂಗಳವಾರವೂ ಎರಡು ಸಾಲು. ತನ್ನ ಕೈಯಲ್ಲೇ ಏನಾದರೂ ತಪ್ಪಾಗುತ್ತಿದೆಯೋ ಎಂದು ಅವಳಿಗೇ ಒಮ್ಮೊಮ್ಮೆ ಹೆದರಿಕೆಯಾಗುತ್ತಿತ್ತು.

ದಾರಿ ತೋರಿಸಿದ್ದು ಅಮ್ಮಣಿ ಎಂಬ ಮುದುಕಿ, ಅದೂ ಗೊತ್ತಿಲ್ಲದೆ. ಬುಧವಾರ ಸಂಜೆ ಸುಂದರಿ ಕೋಣೆ ಮುಚ್ಚುವ ಹೊತ್ತಿಗೆ ಅಮ್ಮಣಿ ಬಂದು ಸೊಸೆಯ ದೂರು ಹೇಳಲು ಕೂತಳು. ಸೊಸೆಯಿಂದ ಸೊಸೆಯ ತಾಯಿಗೆ, ಅಲ್ಲಿಂದ ಅವರ ದನದ ವಿಷಯಕ್ಕೆ ಮಾತು ಹೋಗುವಷ್ಟರಲ್ಲಿ ಕೊನೆಯ ಬಸ್ಸಿನ ಹಾರ್ನ್ ಕೇಳಿತು. ಸುಂದರಿ ಬಾಗಿಲೆಳೆದು ಬೀಗ ಜಡಿದು ಓಡಿದಳು. ಬಸ್ಸಿನಲ್ಲಿ ಕೂತು ಉಸಿರು ಬಿಟ್ಟ ಮೇಲೆ ನೆನಪಾಯಿತು, ಪ್ಲಗ್ ತೆಗೆದಿಲ್ಲ!

ತುಲಾ ತಿಂಗಳಲ್ಲಿ, ಎಂದರೆ ಅಕ್ಟೋಬರಿನ ಗುಡುಗು ಮಳೆಯ ಕಾಲದಲ್ಲಿ, ಆ ಕಡೆಯವರು ಯಾರೂ ಪ್ಲಗ್ ಹಾಕಿಟ್ಟು ಮನೆ ಬಿಡುವುದಿಲ್ಲ. ಮಧ್ಯಾಹ್ನ ಕಳೆದು ಮೋಡ ಕಟ್ಟಿದರೆ ಸಾಕು, ಟಿವಿಯ ವೈರು, ಫೋನಿನ ವೈರು, ಮಿಕ್ಸಿಯದ್ದು, ಪಂಪಿನದ್ದು ಎಲ್ಲ ಕಿತ್ತಿಡುತ್ತಾರೆ. ಸಿಡಿಲು ಕಂಬ ಹಿಡಿದು ಬಂದು ಸ್ವಿಚ್‌ಬೋರ್ಡನ್ನೇ ಗೋಡೆಯಿಂದ ಹಾರಿಸಿದ್ದು ನೋಡದ ಮನೆ ಅಡೂರಿನಲ್ಲಿ ಕಡಿಮೆ. ಸುಂದರಿಯೂ ಕಂಪ್ಯೂಟರ್ ಬಂದ ಮೊದಲ ದಿನದಿಂದ ಹೊರಡುವಾಗ ಪ್ಲಗ್ ಕಿತ್ತು ಮೇಜಿನ ಮೇಲಿಟ್ಟೇ ಹೊರಡುತ್ತಿದ್ದಳು. ಅದೊಂದು ಹೇಳಬೇಕಾದ ಸಂಗತಿ ಎಂದು ಅವಳಿಗೆ ಅನಿಸಿರಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ದೇವರ ದಯೆ, ಆ ದಿನ ಗುಡುಗಲಿಲ್ಲ. ಗುರುವಾರ ಬಂದು ಗುಂಡಿ ಒತ್ತಿದರೆ ಎರಡು ಸಾಲೇ ಇಲ್ಲ. ವಿಂಡೋಸು ನೆಟ್ಟಗೆ ಎದ್ದು ನಿಂತಿತು. ತಾರೀಕು ಸರಿ, ಗಂಟೆ ಸರಿ. ಸುಂದರಿ ಕುರ್ಚಿಯಲ್ಲಿ ಹಾಗೆಯೇ ಕೂತುಬಿಟ್ಟಳು.

ಆಮೇಲೆ ಪುಸ್ತಕ ತೆಗೆದಳು. ಮದರ್‌ಬೋರ್ಡಿನ ಚಿತ್ರದ ಕೆಳಗಿನ ಮೂಲೆಯಲ್ಲಿ ನಾಣ್ಯದಂಥ ಒಂದು ದುಂಡು ಬ್ಯಾಟರಿ ಇತ್ತು. ಅದರ ಬಗ್ಗೆ ಹತ್ತೊಂಬತ್ತನೆಯ ಪುಟದಲ್ಲಿ ನಾಲ್ಕೇ ಸಾಲು. ಡಿಕ್ಷನರಿ ಹಿಡಿದು ಒಂದೊಂದೇ ಶಬ್ದ ಬಿಡಿಸಿದಳು. ಕರೆಂಟು ಪೂರ್ತಿ ಹೋದಾಗ ಬಯೋಸಿನ ಸೆಟ್ಟಿಂಗನ್ನೂ ಗಡಿಯಾರವನ್ನೂ ಉಳಿಸುವುದು ಈ ಬ್ಯಾಟರಿ, ಅವು ಉಳಿಯದಿದ್ದರೆ ಇದನ್ನು ಬದಲಿಸಿ.

ಸುಂದರಿ ಕಂಪ್ಯೂಟರನ್ನು ಆರಿಸಿ, ಪ್ಲಗ್ ಕಿತ್ತು, ಹತ್ತು ನಿಮಿಷ ಕಾದು ಮತ್ತೆ ಹಾಕಿದಳು. ಎರಡು ಸಾಲು ಬಂದವು. ಸರಿ ಮಾಡಿ, ಈ ಸಲ ಪ್ಲಗ್ ಕೀಳದೆ ಬರೇ ಆರಿಸಿ, ಹತ್ತು ನಿಮಿಷ ಕಾದಳು. ನೆಟ್ಟಗೆ ಎದ್ದಿತು. ಮತ್ತೆ ಕಿತ್ತಳು, ಮತ್ತೆ ಎರಡು ಸಾಲು. ಹೊರಗೆ ಕಾದು ಕೂತವರು ಗೊಣಗತೊಡಗಿದರು.

"ಎಂತ ಸುಂದರಿ, ಹಾಕುದು ತೆಗಿಯುದು, ಹಾಕುದು ತೆಗಿಯುದು?" ಎಂದಳು ಅಮ್ಮಣಿ.

"ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ ಅಮ್ಮಣಿಯಕ್ಕ. ಕಳ್ಳ ಸಿಕ್ಕಿದ್ದಾನೆ," ಎಂದಳು ಸುಂದರಿ.

ಸಂಜೆ ಸೌದಾಮಿನಿಗೆ ಫೋನ್ ಮಾಡಿದಳು. ನಾಳೆ ತಾನೇ ಯಂತ್ರವನ್ನು ನಾಯ್ಮಾರ್ಮೂಲೆಗೆ ಕೊಂಡುಹೋಗುತ್ತೇನೆಂದಳು.

"ಅಯ್ಯೋ, ಅವರ ಹತ್ರ ಒಂದು ಮಾತು ಕೇಳ್ಬೇಡ್ವಾ?" ಎಂದಳು ಸೌದಾಮಿನಿ.

"ನಿಮ್ಮ ಹತ್ರ ಕೇಳ್ತಾ ಇದ್ದೇನಲ್ಲ ಅಕ್ಕ. ಪ್ರೆಸಿಡೆಂಟ್ ನೀವಾ ಅವರಾ?"

ಆ ಕಡೆ ಬಾಗಿಲು ಎಳೆದುಕೊಂಡ ಸದ್ದಾಯಿತು. ಆಮೇಲೆ, "ಕೊಂಡೋಗು," ಎಂದು ಕೇಳಿಸಿತು.

ಶುಕ್ರವಾರ ಸುಂದರಿ ಕ್ಯಾಬಿನೆಟನ್ನು ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ ಬಸ್ ಹತ್ತಿದಳು. ಕಂಡಕ್ಟರ್ ಅದನ್ನು ಹಿಂದೆ ಡಿಕ್ಕಿಯಲ್ಲಿ ಹಾಕೆಂದ. ಆಗುವುದಿಲ್ಲ ಎಂದಳು. ಹಾಗಾದರೆ ಅದಕ್ಕೂ ಟಿಕೇಟು ಬೇಕೆಂದ. ಕೊಡು, ಸೀಟೂ ಕೊಡು ಎಂದಳು. ಅವನು ನಕ್ಕು ಮುಂದೆ ಹೋದ. ಎರಡು ಗಂಟೆ, ಗುಡ್ಡ ಹತ್ತಿ ಇಳಿದು ತಿರುಗುವ ದಾರಿಯುದ್ದಕ್ಕೂ ಆ ಕಬ್ಬಿಣದ ಪೆಟ್ಟಿಗೆಯನ್ನು ಮಡಿಲಲ್ಲಿ ಹಿಡಿದು ಕೂತಳು. ಇಳಿಯುವಾಗ ತೊಡೆ ಜೋಮು ಹಿಡಿದು ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ.

ಪ್ರೇಮನಾಥ ಬೆಂಚಿನ ಹಿಂದೆ ಒಂದು ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದ. ಮೂವತ್ತೈದರ ಮನುಷ್ಯ, ಕೆಟ್ಟವನೇನಲ್ಲ, ಆದರೆ ತನಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ ಎಂಬ ಭ್ರಮೆ ಇದ್ದವನು. ಬೆಡ್‌ಶೀಟ್ ಬಿಚ್ಚಿದ್ದನ್ನು ನೋಡಿಯೇ ಮುಖ ಸಿಂಡರಿಸಿದ.

"ಪುನಃ ಬಂತಾ? ಅಕ್ಕ, ನಾನು ಹೇಳಿದ್ದೆ. ಬಯೋಸಿಗೆ ಗೊತ್ತಿಲ್ಲದವರು ಕೈ ಹಾಕ್ಲಿಕ್ಕಿಲ್ಲ. ಎಂತಾದ್ರೂ ಒತ್ತಿದ್ರೆ ಹೀಗೆ ಆಗುದು."

"ನಾನು ಒತ್ತುದಿಲ್ಲ. ಇವತ್ತು ನೀವೇ ಒತ್ತಿ," ಎಂದು ಸುಂದರಿ ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತಳು.

ಅವನು ವೈರುಗಳನ್ನು ಜೋಡಿಸಿ ಗುಂಡಿ ಒತ್ತಿದ. ಎರಡು ಸಾಲು. ನೋಡಿದಿರಾ ಎಂಬಂತೆ ಇವಳ ಮುಖ ನೋಡಿ ಬಯೋಸಿಗೆ ಹೋಗಿ ತಾರೀಕು, ಡಿಸ್ಕು ಎಲ್ಲ ಸರಿ ಮಾಡಿ ಉಳಿಸಿದ. ವಿಂಡೋಸು ಬಂತು. ಆರಿಸಿ ಮತ್ತೆ ಹಾಕಿದ. ನೆಟ್ಟಗೆ ಬಂತು. ಇನ್ನೊಮ್ಮೆ ಹಾಗೆಯೇ ಮಾಡಿದ. ನೆಟ್ಟಗೆ ಬಂತು.

"ನೋಡಿ. ನನ್ನ ಕೈಯಲ್ಲಿ ಸರಿ ಉಂಟಲ್ಲ?"

"ಉಂಟು. ಈಗ ಆರಿಸಿ, ಪ್ಲಗ್ ತೆಗೀರಿ. ನೀವೇ ತೆಗೀರಿ. ಹತ್ತು ನಿಮಿಷ ಬಿಟ್ಟು ಹಾಕಿ."

"ಪ್ಲಗ್ ಯಾಕೆ ತೆಗಿಯುದು? ಇಲ್ಲಿ ಇನ್ವರ್ಟರ್ ಉಂಟು, ನಾವು ಪ್ಲಗ್ ತೆಗಿಯುದೇ ಇಲ್ಲ."

"ನಾವು ತೆಗೀತೇವೆ. ಅಡೂರಲ್ಲಿ ಸಿಡಿಲಿಗೆ ನಿಮ್ಮ ಇನ್ವರ್ಟರಿನ ಗುರ್ತ ಇಲ್ಲ."

ಅಂಗಡಿಯಲ್ಲಿ ಚಾರ್ಜರ್ ಕೊಳ್ಳಲು ಬಂದಿದ್ದ ಇಬ್ಬರು ಹೋಗದೆ ನಿಂತರು. ಪ್ರೇಮನಾಥ ಪ್ಲಗ್ ಕಿತ್ತ. ಹತ್ತು ನಿಮಿಷ ಎಂದರೆ ಬಹಳ ಹೊತ್ತು. ಅವನು ಲ್ಯಾಪ್‌ಟಾಪಿನ ಸ್ಕ್ರೂ ಹುಡುಕುವವನಂತೆ ನಟಿಸಿದ. ಸುಂದರಿ ಗೋಡೆಯ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಇವತ್ತೊಂದು ದಿನ ಇದು ನೆಟ್ಟಗೆ ಎದ್ದುಬಿಟ್ಟರೆ ಮರಳಿ ಬಸ್ ಹತ್ತುವ ಮುಖ ತನಗಿರುವುದಿಲ್ಲ ಎಂದು ಗೊತ್ತಿತ್ತು.

"ಆಯಿತು ಹತ್ತು ನಿಮಿಷ," ಎಂದಳು.

ಪ್ರೇಮನಾಥ ಪ್ಲಗ್ ಹಾಕಿ ಗುಂಡಿ ಒತ್ತಿದ. ಫ್ಯಾನು ಗುಂಯ್ ಎಂದಿತು. ಕಪ್ಪು ಪರದೆಯ ಮೇಲೆ ಎರಡು ಸಾಲು ಬಂದು ನಿಂತವು.

"ಈಗ ಯಾರು ಒತ್ತಿದ್ದು?" ಎಂದು ಸುಂದರಿ ಕೇಳಿದಳು.

ಅವನು ಕ್ಯಾಬಿನೆಟಿನ ಬದಿ ಬಿಚ್ಚಿ, ದುಂಡು ಬ್ಯಾಟರಿಯನ್ನು ಉಗುರಿನಲ್ಲಿ ಎಬ್ಬಿಸಿ ತೆಗೆದು, ಮೀಟರಿನ ಕಡ್ಡಿ ಎರಡೂ ಕಡೆ ತಾಗಿಸಿದ. ಮೂರು ವೋಲ್ಟ್ ತೋರಿಸಬೇಕಾದದ್ದು ಒಂದರ ಹತ್ತಿರವೂ ಇರಲಿಲ್ಲ. ಬ್ಯಾಟರಿಯನ್ನು ತಿರುಗಿಸಿ ನೋಡಿದ. ಅಂಚಿನಲ್ಲಿ ತುಕ್ಕಿನ ಗೆರೆ ಇತ್ತು, ಅದು ಸುಂದರಿಗೂ ಕಂಡಿತು. ಹೊಸ ಬೋರ್ಡಿನ ಬ್ಯಾಟರಿಗೆ ತುಕ್ಕು ಎಲ್ಲಿಂದ ಬರಬೇಕು? ಅವನ ಕಿವಿ ಕೆಂಪಗಾಯಿತು. ಅವಸರದ ಯಾವುದೋ ದಿನ ಇದರ ಬ್ಯಾಟರಿಯನ್ನು ಇನ್ನೊಂದಕ್ಕೆ ಹಾಕಿ, ಹಳೆಯದನ್ನು ಇದಕ್ಕೆ ಸಿಕ್ಕಿಸಿದ್ದು ತನ್ನದೇ ಅಂಗಡಿಯ ಕೈ ಎಂದು ಅವನಿಗೆ ಅರ್ಥವಾಗಿತ್ತು.

"ಸಣ್ಣ ವಿಷಯ ಅಕ್ಕ," ಎಂದ, ದನಿ ಇಳಿಸಿ. "ಹೊಸ ಬ್ಯಾಟರಿ ಹಾಕಿ ಕೊಡ್ತೇನೆ. ದುಡ್ಡೆಂತ ಬೇಡ. ಚಾ ಕುಡೀತೀರಾ?"

"ಚಾ ಬೇಡ. ಬ್ಯಾಟರಿ ಹಾಕಿ. ಆಮೇಲೆ ಚೀಟಿ ಬರೆದು ಕೊಡಿ."

"ಎಂತ ಚೀಟಿ?"

"ಮೊನ್ನೆ ಆಪರೇಟರಿನ ತಪ್ಪು ಅಂತ ಬರೆದು ಕೊಟ್ಟಿದ್ರಲ್ಲ, ಆಪರೇಟರ್ ನಾನು. ತಪ್ಪು ನನ್ನದಲ್ಲ ಅಂತ ಬರೀರಿ. ಹಳೆ ಬ್ಯಾಟರಿ ಹಾಕಿದ್ದು ಅಂಗಡಿಯವರು ಅಂತಲೂ ಬರೀರಿ. ಕನ್ನಡದಲ್ಲಿ. ಹದಿನಾಲ್ಕು ಜನಕ್ಕೆ ಓದ್ಲಿಕ್ಕುಂಟು."

ಪ್ರೇಮನಾಥ ನಗಲು ನೋಡಿದ. "ಮೆಷಿನ್ ಸರಿಯಾಯಿತಲ್ಲ ಅಕ್ಕ, ಇನ್ನು ಚೀಟಿ ಯಾಕೆ?"

"ಮೆಷಿನ್ ಸರಿಯಾಯಿತು. ನಾನು ಮೊದಲೇ ಸರಿ ಇದ್ದೆ. ಅದನ್ನು ಯಾರು ಬರೀತಾರೆ?"

ಅವನು ಹೊಸ ಬ್ಯಾಟರಿ ಹಾಕಿದ, ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ತೋರಿಸಿದ, ಯಂತ್ರ ನೆಟ್ಟಗೆ ಎದ್ದಿತು. ಬೇರೆ ಗಿರಾಕಿಗಳು ಬಂದರು, ಹೋದರು. ಸುಂದರಿ ಬಾಗಿಲಿನ ಬಳಿಯ ಸ್ಟೂಲಿನ ಮೇಲೆ ಕೂತವಳು ಏಳಲಿಲ್ಲ. ಎರಡು ಗಂಟೆಯ ಬಸ್ ಹೋಯಿತು. ಮೂರರದ್ದೂ ಹೋಯಿತು. ಯಾರು, ಏನು ಎಂದು ಕೇಳಿದವರಿಗೆಲ್ಲ ಅವಳು ತುಕ್ಕಿನ ಬ್ಯಾಟರಿಯ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದಳು. ಮೂರನೆಯ ಗಿರಾಕಿಗೆ ಹೇಳುವಾಗ ಪ್ರೇಮನಾಥ ಲೆಟರ್‌ಹೆಡ್ ಎಳೆದುಕೊಂಡು ಬರೆದ, ಸಹಿ ಹಾಕಿದ, ಸೀಲೂ ಒತ್ತಿದ.

"ಹಳೆ ಬ್ಯಾಟರಿ ಕೊಡಿ," ಎಂದಳು ಸುಂದರಿ, ಏಳುತ್ತಾ.

ಭಾನುವಾರ ಜಗಲಿಯಲ್ಲಿ ಎಲ್ಲರೂ ಸೇರಿದರು. ಈಶ್ವರಪ್ರಸಾದ ಕುರ್ಚಿಯಲ್ಲಿ ಕೂತು, ನಾಳೆಯಿಂದ ಶ್ಯಾಮ ಬರುತ್ತಾನೆ, ತೀರ್ಮಾನ ಬರೆಯಿರಿ ಎಂದ. ಅಯಲ್ಕೂಟದ ಸೆಕ್ರೆಟರಿ ಸುಂದರಿಯೇ ಆದ್ದರಿಂದ ಮಿನಿಟ್ಸ್ ಪುಸ್ತಕ ಅವಳ ಮಡಿಲಲ್ಲಿತ್ತು. ಅವಳು ಅದನ್ನು ಬಿಚ್ಚಲಿಲ್ಲ. ಚಾಪೆಯ ನಡುವೆ ತುಕ್ಕು ಹಿಡಿದ ಬ್ಯಾಟರಿ ಇಟ್ಟು, ಎದ್ದು ನಿಂತು ಚೀಟಿ ಓದಿದಳು. ಒಂದು ಅಕ್ಷರ ಬಿಡದೆ, ಸೀಲಿನಲ್ಲಿದ್ದ ಅಂಗಡಿಯ ಹೆಸರಿನವರೆಗೆ ಓದಿದಳು.

"ಅಷ್ಟೇಯಾ?" ಎಂದ ಈಶ್ವರಪ್ರಸಾದ. "ಒಂದು ಬ್ಯಾಟರಿ. ಅದು ಯಾರಿಗಾದ್ರೂ ಗೊತ್ತಾಗ್ತಿತ್ತು."

"ನಿಮ್ಮ ಕಾರಲ್ಲಿ ಹೋಗಿ ಎರಡು ದಿನ ಅಂಗಡಿಯಲ್ಲಿ ಕೂತು ಬಂತಲ್ಲ ಈಶ್ವರಣ್ಣ. ಯಾರಿಗೆ ಗೊತ್ತಾಯಿತು?"

ಹಿಂದೆ ಕೂತಿದ್ದ ಯಾರೋ ಕಿಸಕ್ಕೆಂದು ನಕ್ಕರು. ಅವನ ಮುಖ ಬಿಗಿಯಿತು.

"ಆದ್ರೂ ಮೆಷಿನಿಗೆ ತಿಳಿದವರು ಬೇಕು."

"ನನಗೆ ಗೊತ್ತುಂಟು," ಎಂದಳು ಸುಂದರಿ. ಇಪ್ಪತ್ತಾರು ವರ್ಷದಲ್ಲಿ ಗಂಡಸೊಬ್ಬನ ಮುಖಕ್ಕೆ ಈ ಮಾತು ಹೇಳಿದ್ದು ಇದೇ ಮೊದಲು. ಹೇಳಿದ ಮೇಲೆ ಹೆದರಿಕೆಯೇನೂ ಆಗಲಿಲ್ಲ, ಬಹಳ ಸುಖವಾಯಿತು.

"ಸೌದಾಮಿನಿ, ನೀನು ತೀರ್ಮಾನ ಹೇಳು," ಎಂದ ಅವನು ಹೆಂಡತಿಯ ಕಡೆ ತಿರುಗಿ. ಅವಳು ಏನು ಹೇಳುತ್ತಾಳೆಂದು ಅವನಿಗೆ ಸಂಶಯವಿರಲಿಲ್ಲ.

ಸೌದಾಮಿನಿ ಚಾಪೆಯಿಂದ ಬ್ಯಾಟರಿಯನ್ನು ಎತ್ತಿ, ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟಳು. "ನೀವು ಸ್ವಲ್ಪ ಒಳಗೆ ಹೋಗಿ," ಎಂದಳು. "ಇದು ಮೆಂಬರುಗಳ ಮೀಟಿಂಗು."

ಈಶ್ವರಪ್ರಸಾದ ಹೆಂಡತಿಯನ್ನು ನೋಡಿದ, ಹೆಂಗಸರನ್ನು ನೋಡಿದ. ಹದಿನಾಲ್ಕರಲ್ಲಿ ಒಬ್ಬಳೂ ಕಣ್ಣು ತಗ್ಗಿಸಲಿಲ್ಲ. ಅವನು ಚಹದ ಲೋಟ ಹಿಡಿದುಕೊಂಡು ಎದ್ದು ಒಳಗೆ ಹೋದ.

ಕಂಪ್ಯೂಟರಿನಲ್ಲಿ ಯಾರು ಕೂರುವುದು ಎಂದು ಸೌದಾಮಿನಿ ಕೇಳಿದಳು. ಕೈಗಳು ಎದ್ದವು. ಎಣಿಸುವ ಅಗತ್ಯ ಬೀಳಲಿಲ್ಲ. ಸುಂದರಿ ಪುಸ್ತಕ ಬಿಚ್ಚಿ, ತಾರೀಕು ಹಾಕಿ, ತನ್ನ ಹೆಸರನ್ನು ತಾನೇ ಬರೆಯತೊಡಗಿದಳು.

"ಬರಿಯುವವಳೂ ಅವಳೇ, ಕೂರುವವಳೂ ಅವಳೇಯಾ?" ಎಂದು ಒಳಗಿನಿಂದ ಸ್ವರ ಬಂತು.

"ಹೌದು," ಎಂದಳು ಸುಂದರಿ ತಲೆ ಎತ್ತದೆ. "ಸಹಿ ಹಾಕುವವರು ಹದಿನಾಲ್ಕು ಜನ."

ಸೌದಾಮಿನಿ ಪೆನ್ನಿಗೆ ಕೈ ಚಾಚಿದಳು.